ಸದರಿ

ಬಳೇಪೇಟೆಯ ಒಳಗಲ್ಲಿಯಲ್ಲಿ ನಮ್ಮದು
ನಾಟಕದ ಸಾಮಾನು ಬಾಡಿಗೆಗೆ ಕೊಡುವ ಅಂಗಡಿ.
ನಮ್ಮದು ಎಂದರೆ ಚೌಡಪ್ಪನವರದು; ನಾನು ಲೆಕ್ಕದವಳು.
ಅಟ್ಟದ ಮೇಲೆ ಅರವತ್ತೆರಡು ಟ್ರಂಕು,
ಟ್ರಂಕಿನೊಳಗೆ ಗಂಟು, ಗಂಟಿನೊಳಗೆ ಡಬ್ಬಿ,
ಡಬ್ಬಿಯೊಳಗೆ ಬೆಂಕಿಪೊಟ್ಟಣ, ಅದರೊಳಗೆ
ಯಾವಳೋ ರಾಣಿಯ ಮೂಗುತಿಯಿಂದ ಉದುರಿದ ಹರಳು.

ಐವತ್ತು ದಾಟಿದ ಮೇಲೆ ಸ್ಕ್ರಿಪ್ಟ್ ಬರೆಯಲು ಕಲಿತೆ.
ಕಲಿಸಿದವಳು ಮೇಲ್ಮಹಡಿಯ ಫಿಲೋಮಿನಾ;
ಫೀಸು ಬೇಡ, ಸ್ಕೂಲ್ ಡೇಗೆ ಒಂದು ಕತ್ತಿ ಸಾಕು ಎಂದಳು.

ನಾಟಕ, ಅದರೊಳಗೆ ಪಾತ್ರ, ಪಾತ್ರದೊಳಗೆ ಉಡುಪು,
ಎಲ್ಲ ಜೋಡಿಸಿ, ಫೈಲಿಗೆ ಬರೆ ಎಂದೆ.
ಬರೆಯಿತು. ಹಿಂದೆಯೇ ಕರೆಂಟು ಹೋಯಿತು.
ಷಟರ್ ಎಳೆದು ಮೆಜೆಸ್ಟಿಕ್ಕಿನ ಕಡೆ ನಡೆದೆ.

ಬೆಳಿಗ್ಗೆ ತೆರೆದರೆ
ಕಿರೀಟವಿಲ್ಲ, ಭುಜಕೀರ್ತಿಯಿಲ್ಲ.
ಹ್ಯಾಶ್, ಸೊನ್ನೆ, ಎಕ್ಸ್, ಐದು, ಐದು, ಡಿ, ಎಂಟು:
ಸಾಲು ಸಾಲಿಗೂ ಬರೀ ವಿಳಾಸ.
ಮನೆ ಬರೆ ಎಂದರೆ ಮನೆಯ ನಂಬರು ಬರೆದಿದೆ;
ಆ ಬೀದಿಯೋ, ಕರೆಂಟಿನ ಜೊತೆಗೇ ಹೋಗಿದೆ.

ಬೇಗಡೆ ಅಂಟಿಸುತ್ತಿದ್ದ ದಸ್ತಗೀರ್ ಸಾಬರು ನಕ್ಕರು:
"ಇದರಲ್ಲೇನು ಹೊಸದು ಮೇಡಂ? ಈ ಊರಲ್ಲಿ
ಟಾಕೀಸು ಕೆಡವಿ ಹದಿನೆಂಟು ವರ್ಷ,
ಇವತ್ತಿಗೂ ಟಾಕೀಸ್ ಸ್ಟಾಪ್ ಅಂತಲೇ ಟಿಕೆಟ್ ತಗೋತೀವಿ.
ಇಳಿದು ನೋಡಿದರೆ ಪೇ ಪಾರ್ಕಿಂಗು."

ಸರಿ. ವಿಳಾಸ ಓದಿದರೆ ಸಾಲದು, ಬಾಗಿಲು ತಟ್ಟಬೇಕು.
ತೆಗೆ. ಒಳಗೆ ಪೆಟ್ಟಿಗೆ ಇದ್ದರೆ ಅದನ್ನೂ ತೆಗೆ.
ಇನ್ನು ತೆಗೆಯಲಾಗದ್ದು ಸಿಕ್ಕಿದಾಗ,
ಗುಂಡಿಯೋ, ದಾರವೋ, ಆ ಹರಳೋ,
ಅದರ ಹೆಸರು ಬರೆ, ಬಂದ ದಾರಿಯಲ್ಲೇ ಹಿಂದಿರುಗು.
ಹತ್ತೇ ಸಾಲು. ತನ್ನನ್ನು ತಾನೇ ಕರೆಯುವ ಸಾಲು,
ಕತ್ತಲ ನೆಲಮಾಳಿಗೆಗೆ ಇಳಿಯುವವಳು
ಧೈರ್ಯಕ್ಕೆ ತನ್ನ ಹೆಸರನ್ನೇ ಕೂಗಿಕೊಂಡ ಹಾಗೆ.

ಬರೆಯಿತು. ಮತ್ತೆ ಓದಿತು. ಹರಳು ಕೂಡ ಸಿಕ್ಕಿತು.
ಖುಷಿಯಲ್ಲಿ ನಾನು ಎಣಿಸಲಿಲ್ಲ.

ಶನಿವಾರ ರಾತ್ರಿ ಒಂಬತ್ತೂ ಮುಕ್ಕಾಲಿಗೆ ಫೋನು,
ಕೆಂಗೇರಿಯ ಬಯಲಿಂದ, ಹಾರ್ಮೋನಿಯಂ ನಡುವೆ:
"ಅಮ್ಮಾ, ಟ್ರಂಕಲ್ಲಿ ಕಿರೀಟಾನೇ ಇಲ್ಲ!"
ಕಿರೀಟ ಯಲಹಂಕದಲ್ಲಿತ್ತು,
ಇನ್ನೊಬ್ಬ ರಾಜನ ತಲೆಯ ಮೇಲೆ.

ನಮ್ಮಲ್ಲಿ ಅಣ್ಣನದೂ ತಮ್ಮನದೂ ಒಂದೇ ಕಿರೀಟ.
ಒಂದನೇ ಅಂಕದಲ್ಲಿ ಅಣ್ಣ ತೊಡುತ್ತಾನೆ,
ಅವನು ಸತ್ತ ಮೇಲೆ, ಮೂರನೆಯದರಲ್ಲಿ, ತಮ್ಮ.
ಮೆಷೀನಿನ ನೆನಪಿನಲ್ಲಿ ಎರಡು ಬೆರಳು
ತೋರುತ್ತಿದ್ದದ್ದು ಒಂದೇ ತಗಡನ್ನು.
ನನ್ನ ಹತ್ತು ಸಾಲು ಎರಡು ಬೆರಳಿನ ಹಿಂದೆಯೂ ಹೋಗಿ
ಎರಡು ಕಿರೀಟ ಬರೆದುಕೊಂಡು ಬಂದಿತ್ತು.
ಎರಡಕ್ಕೂ ನಾನು ಅಡ್ವಾನ್ಸ್ ಪಡೆದಿದ್ದೆ.
ರಶೀದಿ ನೋಡಿ ಹುಡುಗ ಟ್ರಂಕು ಹೊರಿಸಿದ್ದ, ಮುಚ್ಚಳ ತೆಗೆಯದೆ.

ಕೆಂಗೇರಿಯ ರಾಜ ಟವೆಲು ಸುತ್ತಿಕೊಂಡೇ ಆಳಿದನಂತೆ.
ಚಪ್ಪಾಳೆ ಕಡಿಮೆಯಾಗಲಿಲ್ಲವಂತೆ.
ಬಾಡಿಗೆ ಅರ್ಧವಾಯಿತು.

ಚೌಡಪ್ಪನವರು ಏನೂ ಅನ್ನಲಿಲ್ಲ.
ಗಲ್ಲಾದ ಕೆಳಗಿಂದ ಅವರಪ್ಪನ ಖಾತೆ ಪುಸ್ತಕ ತೆಗೆದು,
ಕೆಂಪು ರಟ್ಟಿನ ಧೂಳು ಪಂಚೆಗೆ ಒರೆಸಿ, ಮುಂದಿಟ್ಟರು.
ಅಣ್ಣ: ಕಿರೀಟ, ದೊಡ್ಡದು, ಎಡಗಡೆ ಸೊಟ್ಟ.
ತಮ್ಮ: ಮಸಿ ತುಸು ಹರಡಿಕೊಂಡು
ಒಂದೇ ಪದ,
ಸದರಿ.

ನೂರು ಅರ್ಜಿಗಳಲ್ಲಿ ಕಂಡು ಆಕಳಿಸಿದ ಪದ.

ಈಗ ನನ್ನ ಸಾಲುಗಳ ಕೈಗೆ ಸೀಮೆಸುಣ್ಣ ಕೊಟ್ಟಿದ್ದೇನೆ.
ನೋಡಿದ ಪೆಟ್ಟಿಗೆಗೆ ಒಂದು ಗೀಟು.
ಗೀಟು ಕಂಡರೆ ಮತ್ತೆ ಬಿಚ್ಚಬೇಡ, ಸದರಿ ಎನ್ನು, ನಡೆ.
ರಾಜನ ಚೀಟಿ ಮಂತ್ರಿಯನ್ನು, ಮಂತ್ರಿಯ ಚೀಟಿ ರಾಜನನ್ನು
ತೋರಿಸುತ್ತಾ ತೋರಿಸುತ್ತಾ ಮೆಷೀನು ಬಿಸಿಯಾಗಿದ್ದ ಜಾಗದಲ್ಲೂ
ಈ ಪದಕ್ಕೇ ಕಾಲು ನಿಂತಿತು.

ಇವತ್ತು ಸಾಬರು ಕಿರೀಟದ ಸೊಟ್ಟ ತಟ್ಟಿ ತೆಗೆದರು.
ಅಣ್ಣನ ಹೆಸರಿನ ಕೆಳಗೆ ತಿದ್ದಿದೆ.
ಆಮೇಲೆ, ಸುಮ್ಮನೆ, ತಮ್ಮನ ಕಡೆಯಿಂದ ಹೋಗಿ ನೋಡಿದೆ.
ಅಲ್ಲೂ ನೆಟ್ಟಗಾಗಿತ್ತು.