ಇ ಚೀಟಿ

ಒಂದು ಪೆಟ್ಟಿಗೆಗೆ ಏಳು ಚೀಟಿ.
ಎ ನನ್ನ ಬಳಿಯೇ ಉಳಿಯುತ್ತದೆ, ಮಿಕ್ಕವು ಲಾರಿ ಹತ್ತುತ್ತವೆ.
ಕೆಲವು ಲಾರಿಯವರ ಪಾಲು, ಕೆಲವು ಕುಲುಮೆಯವರ ಪಾಲು,
ನನ್ನತ್ತ ಮರಳಬೇಕಾದವು ಮೂರು:
ಬಿ-ಎರಡು ಬಂದರೆ ಪೆಟ್ಟಿಗೆ ಊರು ದಾಟಿತು ಎಂದು,
ಡಿ ಬಂದರೆ ಸುಟ್ಟಿತು ಎಂದು,
ಇ ಬಂದರೆ ಬೂದಿ ಮಣ್ಣು ಸೇರಿತು ಎಂದು.

ನೊಶಿರೊದ ಈ ದವಾಖಾನೆಯಲ್ಲಿ ಇಪ್ಪತ್ತಾರು ವರ್ಷ
ನಾನು ಬರೆದದ್ದು ಇಷ್ಟೇ: ತೂಕ, ದಿನಾಂಕ, ಬಣ್ಣ.
ಕೆಂಪು ಹರಿಯುವುದಕ್ಕೆ, ಕಿತ್ತಳೆ ಹರಿಯದ್ದಕ್ಕೆ,
ಹಳದಿ ಚುಚ್ಚುವುದಕ್ಕೆ.
ಯಾರ ರಕ್ತ ಎಂದು ಸರ್ಕಾರ ಕೇಳುವುದಿಲ್ಲ,
ಎಷ್ಟು ಕಿಲೋ ಎಂದು ಕೇಳುತ್ತದೆ.

ಇಸೊಗಾಯ್ ಡಾಕ್ಟರು ನಗುತ್ತಿದ್ದರು:
"ಹುಟ್ಟಿದ್ದಕ್ಕೆ ಒಂದು ಕಾಗದ, ಸತ್ತದ್ದಕ್ಕೆ ಒಂದು ಕಾಗದ,
ಸೂಜಿಗೆ ಏಳೇ, ತೊಕಿಕೊ-ಸಾನ್?"
ಅವರು ಹುಡುಗರಾಗಿದ್ದಾಗ ಅವರಪ್ಪ
ಬಾಟಲಿ ಬ್ಯಾಂಡೇಜುಗಳನ್ನು ಪೈನ್ ತೋಪಿನ ಆಚೆ
ಮರಳಲ್ಲಿ ಹೂತು ಬರುತ್ತಿದ್ದರಂತೆ.
ಅಲೆ ಕೆದಕಿದಲ್ಲಿ ಒಂದು ದಿನ ಗಾಜಿನ ಸಿರಿಂಜು ಸಿಕ್ಕಿ,
ಸಮುದ್ರದ ನೀರು ತುಂಬಿ, ತಂಗಿಯ ಬೆನ್ನಿಗೆ ಹಾರಿಸಿದ್ದರಂತೆ.
ಅಷ್ಟು ಹೇಳಿ, ಸುಮ್ಮನಾಗಿ,
ಮೊಹರು ಒತ್ತಿ ಕೊಡುತ್ತಿದ್ದರು.

ಒಮ್ಮೆ ಇ ಬರಲಿಲ್ಲ.
ನೂರ ಎಂಬತ್ತು ದಿನ ಕಾದೆ. ಇ ಎಂದರೆ ಇನ್ನೂ ಇಲ್ಲ.
ಗುತ್ತಿಗೆದಾರ ಇಂದು ಎಂದ, ನಾಳೆ ಎಂದ,
ಹೋದ ಪುಟ್ಟ, ಬಂದ ಪುಟ್ಟ.
ಪ್ರಾಂತದ ಕಚೇರಿಗೆ ಬರೆದೆ.
ಬಂದವನು ಮಿಕುರಿಯ ಎಂಬ ಹುಡುಗ,
ಕೈಗವಸು ತೆಗೆಯದೆಯೇ ಚಹಾ ಕುಡಿದ.
ವಾರದ ಮೇಲೆ ಬೀಗ ಜಡಿದ ಮೀನಿನ ಗೋದಾಮಿನಲ್ಲಿ
ಸೂರಿನ ತನಕ ಪೇರಿಸಿದ ಯಾರು ಯಾರದೋ ಪೆಟ್ಟಿಗೆಗಳ ನಡುವೆ
ನಮ್ಮದೂ ಸಿಕ್ಕಿತು. ಮುಚ್ಚಳದ ಮೇಲೆ ನನ್ನದೇ ಕೈಬರಹ.
ಜಾತ್ರೆಯಲ್ಲೋ ರೈಲಿನಲ್ಲೋ ತಪ್ಪಿದ ಮಗುವಿಗೆ
ಅಂಗಿಯ ಗುರುತು ಹೇಳುವ ಹಾಗೆ ತೂಕ ಹೇಳಿದೆ:
ನಾಲ್ಕೂಕಾಲು ಕಿಲೋ.
ಆಮೇಲೆ ಡಾಕ್ಟರು ಏಳು ಚೀಟಿಗೆ ನಗಲಿಲ್ಲ.

ಹೋದ ಚಳಿಗಾಲ ಅವರೇ ಮಲಗಿದರು, ಮಹಡಿಯ ಕೋಣೆಯಲ್ಲಿ.
ನರ್ಸ್ ಹತ್ತುವಳು, ಇಳಿಯುವಳು,
ಸೂಜಿ ಹಳದಿ ಪೆಟ್ಟಿಗೆಗೆ ಬೀಳುವುದು. ಟಕ್.
ಕೆಳಗೆ ಲೆಕ್ಕ ಬರೆಯುತ್ತ ಕೂತ ನನಗೆ ಅದೇ ಗಡಿಯಾರ.
ಮಾರ್ಚಿನಲ್ಲಿ ಟಕ್ ನಿಂತಿತು.

ಪೆಟ್ಟಿಗೆ ಅರ್ಧವೂ ತುಂಬಿರಲಿಲ್ಲ.
ಎರಡು ಕಿಲೋ ನೂರು ಗ್ರಾಂ. ತೂಗಿದೆ, ಬರೆದೆ.
ಅವರ ಸೂಜಿಗಳನ್ನು ಊರವರ ಸೂಜಿಗಳಿಂದ
ಬೇರೆ ಹೇಳಲು ನಮೂನೆಯಲ್ಲಿ ಜಾಗವಿಲ್ಲ.
ನಾನೂ ಅಂಚಿನಲ್ಲಿ ಏನೂ ಗೀಚಲಿಲ್ಲ.

ಅವರ ಅಸ್ಥಿ ನಲವತ್ತೊಂಬತ್ತನೆಯ ದಿನ ಮಣ್ಣು ಸೇರಿತು.
ಫಲಕ ಇಳಿಸಿದರು. ಕುರ್ಚಿಗಳನ್ನು ಹಜಾಮರ ಅಂಗಡಿಯವನು ಕೊಂಡ.
ನಾನು ಮಾತ್ರ ಬುಧವಾರ ಬುಧವಾರ ಹೋಗಿ
ಅಂಚೆಡಬ್ಬಿಗೆ ಕೈ ಹಾಕುತ್ತಿದ್ದೆ.
ಬಿ-ಎರಡು ಬಂತು. ಡಿ ಬಂತು.
ನೂರ ಅರವತ್ತೆಂಟನೆಯ ದಿನ, ತುಸು ಒದ್ದೆಯಾಗಿ, ಇ.
ಯಾವುದೋ ಗುಡ್ಡದ ಹಿಂದಿನ ಹೊಂಡದ ವಿಳಾಸ,
ಓರೆಯಾಗಿ ಬಿದ್ದ ಕೆಂಪು ಮೊಹರು,
ಮಣ್ಣು ಮುಚ್ಚಿದವನ ಹೆಸರು ಕೂಡ.

ಸ್ಮಶಾನದಿಂದ ನನಗೆ ಚೀಟಿ ಬಂದಿರಲಿಲ್ಲ.
ಬರಬೇಕಾದವಳೂ ನಾನಲ್ಲ.

ಐದು ವರ್ಷ ಜೋಪಾನ ಮಾಡಬೇಕು, ಕಾನೂನು.
ದವಾಖಾನೆಯೇ ಇಲ್ಲ, ಎಲ್ಲಿಡಲಿ ಎಂದರೆ
ಮಿಕುರಿಯ ಫೋನಿನಲ್ಲಿ ಕೆಮ್ಮಿ, ನೋಡಿ ಹೇಳುತ್ತೇನೆ ಎಂದ.
ಫೈಲನ್ನು ಮನೆಗೆ ತಂದೆ.
ಅಡುಗೆಮನೆಯಲ್ಲಿ ಒದ್ದೆಯಾಗದ ಜಾಗ
ಅಕ್ಕಿ ಡಬ್ಬಿಯ ಪಕ್ಕ ಒಂದೇ.
ಸಂಜೆ ಒಂದು ಲೋಟ ಅಕ್ಕಿ ಅಳೆಯುವಾಗ
ಮೊಣಕೈಗೆ ತಾಕುತ್ತದೆ.