ಇಳಿತದಲ್ಲಿ ಅಳೆದ ಊರು

ನೆಲದ ಕಡೆ ಬೆರಳು ಮಾಡಿ ಸ್ಪೇನಿನವನು ಕೇಳಿದನಂತೆ:
ಇದರ ಹೆಸರೇನು?
ಏಡಿ ಹೆಕ್ಕುತ್ತಿದ್ದವನು
ಹಿಂದೆ ಸರಿಯುವ ನೀರು ನೋಡಿ ಅಂದ, ಹುನಾಸ್.
ಅಂದರೆ ಇಳಿತ.
ಕಾಗದದ ಮೇಲೆ ಅದೇ ಊರಾಯಿತು.

ಆಮೇಲೆ ಮನಿಲಾದಿಂದ ಅಡ್ಡಹೆಸರಿನ ಪುಸ್ತಕ ಬಂತು,
ನಮ್ಮ ಪಾಲಿಗೆ ಹರಿದು ಕೊಟ್ಟದ್ದು ಒಂದೇ ಹಾಳೆ.
ಹಾಗಾಗಿ ಇಲ್ಲಿ ಎಲ್ಲರೂ ಗಕಾರದವರು:
ಗಾರ್ದುಕೆ, ಗಲಿಂದೆಸ್, ಗುಮಾಪಸ್.
ಒಬ್ದುಲಿಯಾ ಟೀಚರು ಹಾಜರಿ ಕೂಗಿದರೆ
ಬಿಕ್ಕಳಿಕೆ ಹತ್ತಿದಂತೆ ಕೇಳುತ್ತದೆ.

ಕಾವಲುಗೋಪುರಕ್ಕೆ ಹವಳದ ಕಲ್ಲು,
ಗಾರೆಗೆ ಮೊಟ್ಟೆಯ ಬಿಳಿ.
ಹಳದಿ ಯಾರು ತಿಂದರು ಟೀಚರ್?
ಅದು ಚರಿತ್ರೆಯಲ್ಲಿಲ್ಲ, ಬರಕೋ:
ತೆಂಕಣದಿಂದ ದೋಣಿಗಳು ಬಂದವು,
ಗಂಟೆ ಹೊಡೆಯಿತು,
ಓಡಲಾರದವರನ್ನು ಒಯ್ದರು.

ಉತ್ತರಕ್ಕೆ ಕಾಂಡ್ಲಾ ಕಾಡು. ದಕ್ಷಿಣಕ್ಕೆ ಉಪ್ಪಿನ ಗದ್ದೆ.
ಪಶ್ಚಿಮಕ್ಕೆ ಬಸ್ಸು, ದಿನಕ್ಕೆರಡು, ಒಂದು ಕೆಟ್ಟಿರುತ್ತದೆ.
ಪೂರ್ವಕ್ಕೆ ಏಳನೆಯ ಬರಂಗಾಯ್.
ಅಮೆರಿಕದ ಸರ್ವೇಯರು ಸರಪಳಿ ಎಳೆದದ್ದು
ಇಳಿತದ ಹೊತ್ತಿಗೆ;
ಅವತ್ತಿನ ಎಕರೆಗಳೇ ಇವತ್ತೂ ಕಡತದಲ್ಲಿ.
ಉಬ್ಬರದಲ್ಲಿ ಊರು ಹಾಸಲಾರದಷ್ಟು ಸಣ್ಣ ಚಾಪೆ.

ಆ ವರ್ಷದ ಚಂಡಮಾರುತಕ್ಕೆ ಹೆಣ್ಣಿನ ಹೆಸರಿತ್ತು.
ಏಳನೆಯ ಬರಂಗಾಯ್ ಈಗ ಮತದಾರರ ಪಟ್ಟಿಯಲ್ಲಿದೆ,
ಬೇರೆಲ್ಲೂ ಇಲ್ಲ.
ಪರೀಕ್ಷೆಯ ನಕ್ಷೆಯಲ್ಲಿ ಅದನ್ನು ಬಿಡಿಸಿದವರಿಗೂ ಅಂಕ,
ಬಿಟ್ಟವರಿಗೂ ಅಂಕ.
ಟೀಚರು ಅದರ ಬಗ್ಗೆ ಮಾತಾಡುವುದಿಲ್ಲ.

ಅಮಾವಾಸ್ಯೆಯ ದೊಡ್ಡ ಇಳಿತಕ್ಕೆ ಮಾತ್ರ
ಚಪ್ಪಲಿ ಕೈಯಲ್ಲಿ ಹಿಡಿದು
ಕೆಸರಲ್ಲಿ ಬಹಳ ದೂರ ನಡೆಯುತ್ತಾರೆ.
ಹೊಸ್ತಿಲ ಸಿಮೆಂಟು ಇನ್ನೂ ಇದೆ,
ಹಸಿಯಿದ್ದಾಗ ಅಪ್ಪ ಕಡ್ಡಿಯಲ್ಲಿ ಗೀಚಿದ ಇಸವಿ,
ಕೊನೆಯ ಅಂಕಿಯಲ್ಲೊಂದು ಬಸವನಹುಳು.
ಅದನ್ನು ಕೀಳದೆ ಪಕ್ಕದಲ್ಲಿ ಕೂರುತ್ತಾರೆ.

ನೀರು ಕಣಕಾಲು ಮುಟ್ಟಿದಾಗ
ಏಳುತ್ತಾರೆ.