ಬದಲಿ ಟೀಚರಿಗೆ

ಬೆಳಿಗ್ಗೆ ಆರೂವರೆಗೆ ಶಾಲೆಯಿಂದ ಫೋನು:
ಮೂರನೇ ತರಗತಿ, ಒಂದೇ ದಿನ, ಬರ್ತೀರಾ?
ವೈಯಾಲಾದ ಉಕ್ಕಿನ ಕಾರ್ಖಾನೆ ರಾತ್ರಿಯೆಲ್ಲ
ಕುಂಕುಮದ ಬಟ್ಟಲು ಮಗುಚಿದ ಹಾಗೆ
ಕಿಟಕಿಯ ಅಂಚಿಗೆ ಧೂಳು ಸುರಿದಿತ್ತು.
ಬರ್ತೀನಿ ಅಂದೆ. ಡಬ್ಬಿಗೆ ನಿನ್ನೆಯ ಚಿತ್ರಾನ್ನ.

ಮೇಜಿನ ಮೇಲೆ ಎರಡು ಹಾಳೆ, ನೀಲಿ ಶಾಯಿ.
ಜ್ವರದಲ್ಲಿ ಬರೆದದ್ದು, ಸಾಲುಗಳು ಇಳಿಜಾರು.
ಗಂಡ ಕಾರಿನಲ್ಲಿ ತಂದಿಟ್ಟು ಹೋದನಂತೆ.
ಗ್ಲೆನಿಸ್ ಟ್ರೆಜೋನಾ, ಇಪ್ಪತ್ತಾರು ವರ್ಷ ಇದೇ ಕೋಣೆ.
ಗಣಿತ, ಪುಟ ನಲವತ್ತು ಅಂತ ಒಂದು ಗೆರೆ.
ಮಿಕ್ಕದ್ದೆಲ್ಲ ಮಕ್ಕಳು.

'ಬ್ರಾಡಿ ಬಾಗಿಲ ಹತ್ತಿರ ಕೂರಲಿ. ಯಾಕೆಂದು ಕೇಳಬೇಡಿ.
ಟೇಗನ್ ಓದುವಾಗ ಅವಳನ್ನು ನೋಡಬೇಡಿ, ಕಿಟಕಿ ನೋಡಿ,
ಆಗ ತೊದಲು ಕಡಿಮೆ.
ಜೊವೆಲ್ಲಿನ್ ಊಟ ತಂದಿದೀನಿ ಅಂತಾಳೆ. ತಂದಿರಲ್ಲ.
ಎರಡನೇ ಡ್ರಾಯರು.
ಮೀನಿಗೆ ಒಂದೇ ಚಿಟಿಕೆ.'

ಎರಡನೇ ಡ್ರಾಯರು:
ಬಿಸ್ಕತ್ತಿನ ಡಬ್ಬಿ, ನಾಲ್ಕು ಬಾಳೆಹಣ್ಣು,
ಮೂರು ಜೊತೆ ಕಾಲುಚೀಲ, ಹೇನಿನ ಬಾಚಣಿಗೆ,
ಕನ್ನಡಕದ ತಿರುಪು ಬಿಗಿಯುವ ಕಡ್ಡಿಯಂಥದ್ದು,
ಅಡಿಯಲ್ಲಿ ಅಂಗಡಿಯ ರಸೀದಿಗಳು, ಮಸುಕಾಗಿ,
ಯಾವ ಇಲಾಖೆಗೂ ಕಳಿಸದವು.

ದಾವಣಗೆರೆಯಲ್ಲಿ ನಾನು ಹನ್ನೆರಡು ವರ್ಷ ಕಲಿಸಿದವಳು.
ಅರವತ್ತೆರಡು ಹೆಸರು ಒಂದೇ ಉಸಿರಿಗೆ ಕೂಗುತ್ತಿದ್ದೆ,
ಹೆಡ್‌ಮಾಸ್ಟರು ಮೆಚ್ಚಿಕೊಂಡಿದ್ದರು.
ಅದರಲ್ಲಿ ಯಾರ ಚೀಲದಲ್ಲಿ ಬುತ್ತಿ ಇರಲಿಲ್ಲ?
ಡ್ರಾಯರು ತೆರೆದಿಟ್ಟುಕೊಂಡು ಲೆಕ್ಕ ಹಾಕಿದೆ.
ಒಂದು ಮುಖವೂ ಸಿಗಲಿಲ್ಲ.

ಗೋಡೆಯ ತುಂಬ ಕಟಲ್‌ಫಿಶ್. ಚಳಿಗಾಲಕ್ಕೆ ಈ ಕಡಲಿಗೆ
ಮೊಟ್ಟೆಯಿಡಲು ಬರುತ್ತವಂತೆ, ಬಣ್ಣ ಬದಲಿಸುತ್ತ.
ಇಪ್ಪತ್ಮೂರು ಚಿತ್ರ. ಒಂದರ ಕೆಳಗೂ
'ಗುಡ್' ಎಂದು ಗೀಚಿ ತಪ್ಪಿಸಿಕೊಂಡಿಲ್ಲ ಈ ಹೆಂಗಸು.
'ಮೂರನೇ ತೋಳು ನಾಚಿಕೊಂಡಿದೆ, ನನಗಿಷ್ಟ.'
'ಇದು ನಿನ್ನನ್ನೇ ನೋಡುತ್ತಿದೆ, ಗಮನಿಸಿದೆಯಾ?'

ದಿನವಿಡೀ ತಿದ್ದಿದರು ನನ್ನನ್ನು.
ಮಿಸ್, ಹಾಗಲ್ಲ. ಮಿಸ್, ಮೊದಲು ಮೀನು, ಆಮೇಲೆ ಹಾಜರಿ.
ಮಿಸ್, ನಮ್ಮ ಟೀಚರ್ ಬೈದ ಮೇಲೆ ಒಂದು ನಿಮಿಷ
ಕೆಮ್ಮಿದ ಹಾಗೆ ಮಾಡಿ ನಗ್ತಾರೆ.
ಅಷ್ಟು ಚೆನ್ನಾಗಿ ಕೆಮ್ಮಲು ನನಗೆ ಬರಲಿಲ್ಲ.

ಹನ್ನೊಂದಕ್ಕೆ ಬ್ರಾಡಿ ಎದ್ದು ಹೊರಗೆ ಹೋದ.
ವರಾಂಡದಲ್ಲಿ ನಿಂತು ಗೇಟು ನೋಡಿದ, ನಿಂತಿದ್ದ ಕಾರುಗಳನ್ನು
ಒಂದೊಂದಾಗಿ ನೋಡಿದ. ನಾಲಿಗೆಯ ತುದಿಗೆ ಪ್ರಶ್ನೆ ಬಂತು,
ನುಂಗಿದೆ. ಬಂದು ಕೂತ.
ಟೇಗನ್ ಓದಿದಳು. ನಾನು ಕಿಟಕಿಯಾಚೆ ಹೊಗೆಗೊಳವೆ ನೋಡಿದೆ.
ನಾಲ್ಕನೇ ಸಾಲಿನಲ್ಲಿ ಒಂದು ಪದ ಅಡ್ಡ ಬಿದ್ದಿತು.
ಹೇಳಿಕೊಡದೆ ಇರುವುದು
ಹೇಳಿಕೊಡುವುದಕ್ಕಿಂತ ಎಷ್ಟು ಕಷ್ಟ!
ಅವಳೇ ದಾಟಿದಳು. ಏಳು ಸಾಲು.

ಊಟದ ಹೊತ್ತಿಗೆ ಜೊವೆಲ್ಲಿನ್, ಬಾಳೆಹಣ್ಣು ಸುಲಿಯುತ್ತ:
ನಿಮ್ಮ ಅಕ್ಷರದಲ್ಲಿ ನನ್ನ ಹೆಸರು ಬರೀರಿ.
ಬರೆದೆ. ದಿಟ್ಟಿಸಿ ಕೇಳಿದಳು:
ಈ ಪುಟ್ಟದು ಯಾಕೆ ಕೆಳಗೆ ಬಿದ್ದಿದೆ?
ಬಿದ್ದಿಲ್ಲ, ಅದು ಒತ್ತು, ಅಂದೆ.
ಸಾಲಿನಲ್ಲಿ ಅದಕ್ಕೆ ಜಾಗವಿಲ್ಲ, ತಲೆಕಟ್ಟೂ ಇಲ್ಲ.
ಕೆಳಗೆ ನಿಂತು ಮೇಲಿನದನ್ನು ಹಿಡಿದುಕೊಂಡಿದೆ.
ತೆಗೆದರೆ ನಿನ್ನ ಹೆಸರು ಜಾರುತ್ತೆ.
ಹೇಳಿ, ಯಾಕೋ ನೀಲಿ ಶಾಯಿಯ ಹಾಳೆಯನ್ನು ನೋಡಿದೆ.

ಮೂರೂಕಾಲು. ಕುರ್ಚಿಗಳೆಲ್ಲ ಮೇಜಿನ ಮೇಲೆ ಮಗುಚಿ ಕೂತವು.
ಹಾಳೆಯ ಹಿಂದೆ ಉತ್ತರ ಬರೆಯಲು ಕೂತೆ.
ಹೊಗಳಿ ಶುರುಮಾಡಿದೆ; ಇಂಗ್ಲಿಷಿನಲ್ಲಿ ಅದೆಲ್ಲ
ಅಂಗಡಿಯ ಶುಭಾಶಯ ಪತ್ರದಂತಾಯಿತು. ಹೊಡೆದುಹಾಕಿದೆ.
ಮತ್ತೆ ಬರೆದೆ:

'ಪುಟ ನಲವತ್ತು ಮುಗಿಯಲಿಲ್ಲ.
ಮೀನಿಗೆ ಎರಡು ಚಿಟಿಕೆ ಬಿತ್ತು, ಬದುಕಿದೆ.
ಟೇಗನ್ ಏಳು ಸಾಲು ಓದಿದಳು. ಏಳು!
ಬ್ರಾಡಿ ಹೊರಗೆ ಹೋಗಿ ಬಂದ. ಕೇಳಲಿಲ್ಲ.
ಬೇಗ ಬನ್ನಿ ಅನ್ನುವುದಿಲ್ಲ, ಮಲಗಿ.
ಇಪ್ಪತ್ತಾರು ವರ್ಷಕ್ಕೆ ಒಂದು ಜ್ವರ ಹೆಚ್ಚಲ್ಲ.
ನಾಳೆಯೂ ನಾನೇ ಬರ್ತೀನಿ.
ಬಾಳೆಹಣ್ಣು ಖಾಲಿ. ತರ್ತೀನಿ.
ರಸೀದಿ ಕೇಳಬೇಡಿ.'